ಬಾನವಿಲ್ ಕೊಟ್ಟೆ, ಕಮಾಂಡೊ ತಂದೆ

ಹಳೆಯ ಬ್ರಿಟಿಷ್ ಬೈಕ್‌ಗಳಲ್ಲಿ ಚಂದ ಯಾವುದು ಅಂತ ಕೇಳಿದರೆ ಇವತ್ತಿಗೂ ಟ್ರಯಂಫ್ ಬಾನವಿಲ್ ಅಂತಲೇ ಹೇಳುತ್ತೇನೆ. ಆದರೆ ನಮ್ಮ ಮನೆ ಶೆಡ್ಡಿನಲ್ಲಿ ಈಗ ನಿಂತಿರುವುದು ನಾರ್ಟನ್ ಕಮಾಂಡೊ. 1968ರ ಬಾನವಿಲ್ ಟಿ120 ಎರಡು ವರ್ಷ ಇಟ್ಟುಕೊಂಡು ಮಾರಿದೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ 1973ರ ಕಮಾಂಡೊ 850 ರೋಡ್‌ಸ್ಟರ್ ತಂದೆ. ಮೂರು ವರ್ಷ ಆಯಿತು. ಇನ್ನು ಅದನ್ನು ಬಿಡುವುದಿಲ್ಲ.

ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ. ಬಾನವಿಲ್ ಹುಟ್ಟಿದ ಮೆರಿಡನ್ ಇಲ್ಲೇ ಹತ್ತಿರ. ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಮನೆಗಳಿವೆ. ಈ ಕಡೆಯ ಗಾಡಿ ಅನ್ನುವ ಪ್ರೀತಿಯಿಂದಲೇ ಮೊದಲು ಅದನ್ನು ಕೊಂಡೆ. ಆ ಟ್ಯಾಂಕ್ ಒಂದು ಸಲ ನೋಡಬೇಕು. ನೀರಿನ ಹನಿಯ ಹಾಗೆ ಮುಂದೆ ದುಂಡಗೆ, ಸೀಟಿನ ಹತ್ತಿರ ಸಪೂರ. ಕೆಳಗೆ ಇಂಜಿನ್ ನೆಟ್ಟಗೆ ನಿಂತಿದೆ. ಅದರ ಪಕ್ಕದಲ್ಲಿ ಹೊಳೆಯುವ ತ್ರಿಕೋನದ ಮುಚ್ಚಳ. ಎಲ್ಲೂ ಒಂದು ಸಾಮಾನು ಜಾಸ್ತಿ ಆಯಿತು ಅನಿಸುವುದಿಲ್ಲ. 1959ರಲ್ಲಿ ಬಂದ ಗಾಡಿ ಅದು, ಟ್ರಯಂಫ್ ನಡೆಸುತ್ತಿದ್ದ ವಿನ್ಯಾಸಕಾರ ಎಡ್ವರ್ಡ್ ಟರ್ನರ್ ಕಾಲದ್ದು. ಇವತ್ತಿನ ಹೊಸ ಬಾನವಿಲ್‌ಗಳೂ ಅದರ ಮುಖ ನೋಡಿಕೊಂಡೇ ಬರುತ್ತಿವೆ, ಅಲ್ವಾ?

ಹಾಗಾದರೆ ಯಾಕೆ ಮಾರಿದೆ? ಗೇರ್‌ಗಾಗಿ.

ಸಕಲೇಶಪುರದಲ್ಲಿ ಅಪ್ಪನ 350 ಬುಲೆಟ್ ಮೇಲೆ ಗಾಡಿ ಕಲಿತವನು ನಾನು. ಇಂಗ್ಲೆಂಡಿನ ರೆಡ್ಡಿಚ್‌ನಿಂದ ಹೋಗಿ 1955ರಿಂದ ಮದ್ರಾಸಿನಲ್ಲಿ ತಯಾರಾಗತೊಡಗಿದ ಬುಲೆಟ್. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ. ಫಸ್ಟ್ ಮೇಲಕ್ಕೆ, ಮಿಕ್ಕ ಮೂರೂ ಕೆಳಕ್ಕೆ. ಘಾಟಿಯಲ್ಲಿ ಎಷ್ಟು ಸಲ ಹತ್ತಿ ಇಳಿದಿದ್ದೇನೋ, ಆ ಲೆಕ್ಕ ಕಾಲಿನಲ್ಲೇ ಕೂತಿದೆ.

ನನ್ನ ಬಾನವಿಲ್‌ನಲ್ಲೂ ಗೇರ್ ಬಲಗಡೆಯೇ. ಆದರೆ ಫಸ್ಟ್ ಕೆಳಕ್ಕೆ, ಮಿಕ್ಕ ಮೂರು ಮೇಲಕ್ಕೆ. ಕಾಲು ಅದೇ, ಲೆಕ್ಕ ಉಲ್ಟಾ. ಹೊಸ ಗಾಡಿಗಳಲ್ಲಿ ನನಗೆ ಈ ತೊಂದರೆ ಯಾವತ್ತೂ ಆಗಿಲ್ಲ. ಅಲ್ಲಿ ಗೇರ್ ಎಡಗಾಲಿಗೆ. ಎಡಗಾಲಿಗೆ ಹಳೆಯ ಅಭ್ಯಾಸ ಏನೂ ಇರಲಿಲ್ಲ, ಹೊಸದಾಗಿ ಕಲಿಯಿತು. ಬಲಗಾಲು ಮಾತ್ರ ಕಲಿತದ್ದನ್ನು ಮರೆಯಲು ಒಪ್ಪಲಿಲ್ಲ.

ಕೆನಿಲ್‌ವರ್ತ್ ಕಡೆ ಹೋಗುವಾಗ ಒಂದು ದಿನ ಸಣ್ಣ ಮಳೆ. ಮೂರನೇ ಗೇರ್‌ನಲ್ಲಿದ್ದೆ, ನಾಲ್ಕಕ್ಕೆ ಹೋಗಬೇಕಿತ್ತು. ಕಾಲು ಕೆಳಕ್ಕೆ ಒತ್ತಿತು. ಎರಡನೇ ಗೇರ್ ಬಿತ್ತು. ಇಂಜಿನ್ ಕಿರುಚಿತು, ಹಿಂದಿನ ಚಕ್ರ ಒದ್ದೆ ರಸ್ತೆಯ ಮೇಲೆ ಜಾರಿತು. ಬೀಳಲಿಲ್ಲ, ಆದರೆ ಮನೆಗೆ ಬಂದು ತುಂಬಾ ಹೊತ್ತು ಕೈ ನಡುಗುತ್ತಿತ್ತು. ಇನ್ನೊಂದು ಸಲ ವೃತ್ತದ ಹತ್ತಿರ ಗೇರ್ ಇಳಿಸಲು ಹೋಗಿ ಏರಿಸಿದೆ. ಗಾಡಿ ವೃತ್ತದ ನಡುವೆ ಆಫ್ ಆಯಿತು. ಹೆಲ್ಮೆಟ್ ಒಳಗೆ 'ಮೇಲೆ, ಮೇಲೆ' ಅಂತ ಬಾಯಲ್ಲಿ ಹೇಳಿಕೊಂಡು ಓಡಿಸಿ ನೋಡಿದೆ. ಗಮನ ಇದ್ದಾಗ ಸರಿ ಇರುತ್ತಿತ್ತು. ಅಡ್ಡ ಯಾರಾದರೂ ಬಂದರೆ ಕಾಲು ಸಕಲೇಶಪುರಕ್ಕೆ ಹೋಗಿಬಿಡುತ್ತಿತ್ತು. ಗಾಬರಿ ಆದಾಗ ಕೆಲಸ ಮಾಡುವುದು ತಲೆಯಲ್ಲ, ಕಾಲು. ಅದಕ್ಕೇ ಮಾರಿದೆ.

ಕಮಾಂಡೊ ನೋಡಲು ಹೋದಾಗ ಗೇರ್ ವಿಷಯ ನಾನು ಕೇಳಿರಲೂ ಇಲ್ಲ. ಹತ್ತಿ ಕೂತೆ, ಕ್ಲಚ್ ಹಿಡಿದೆ, ಕಾಲು ತಾನಾಗಿ ಮೇಲಕ್ಕೆ ಹೋಯಿತು. ಫಸ್ಟ್ ಬಿತ್ತು. ಮಿಕ್ಕದ್ದೆಲ್ಲ ಕೆಳಕ್ಕೆ, ಥೇಟ್ ಅಪ್ಪನ ಬುಲೆಟ್. ಹತ್ತು ನಿಮಿಷದಲ್ಲಿ ಮಾತು ಮುಗಿಸಿದೆ.

ಎರಡನೇ ಕಾರಣ ನಡುಕ. ಈ ಗಾಡಿಗಳ ಇಂಜಿನ್‌ನಲ್ಲಿ ಎರಡೂ ಪಿಸ್ಟನ್ ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ. ನಡುಗದೆ ಇರುವುದೇ ಇಲ್ಲ. ಬಾನವಿಲ್‌ನಲ್ಲಿ ಗಂಟೆಗೆ 60 ಮೈಲಿಯಲ್ಲಿ ಮುಕ್ಕಾಲು ಗಂಟೆ ಹೋದರೆ ನನ್ನ ಬೆರಳು ಜೋಮು ಹಿಡಿಯುತ್ತಿತ್ತು. ನಾರ್ಟನ್‌ನವರು ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಚಕ್ರ ಹಿಡಿಯುವ ಸ್ವಿಂಗ್ ಆರ್ಮ್ ಮೂರನ್ನೂ ಒಂದೇ ಗಂಟು ಕಟ್ಟಿ ರಬ್ಬರ್ ಮೇಲೆ ಕೂರಿಸಿದರು. ಐಸೊಲಾಸ್ಟಿಕ್ ಅಂತ ಅದರ ಹೆಸರು. ನಿಂತಾಗ ಇಂಜಿನ್ ಕುಣಿಯುವುದು ಕಣ್ಣಿಗೇ ಕಾಣುತ್ತದೆ. ಇಂಜಿನ್ ನಿಮಿಷಕ್ಕೆ 3000 ಸುತ್ತು ದಾಟಿತೋ, ಎಲ್ಲ ತಣ್ಣಗಾಗುತ್ತದೆ. ಆ ರಬ್ಬರ್‌ಗಳ ಪಕ್ಕದ ಸಂದನ್ನು ಆಗಾಗ ಅಳೆದು ಸರಿ ಮಾಡಬೇಕು. ಬಿಗಿ ಆದರೆ ನಡುಕ, ಸಡಿಲ ಆದರೆ ತಿರುವಿನಲ್ಲಿ ಓಲಾಟ. ಆ ಕೆಲಸ ನಾನೇ ಕಲಿತೆ.

ಸ್ನೇಹಿತರ ಬಿಎಸ್‌ಎ ಥಂಡರ್‌ಬೋಲ್ಟನ್ನೂ ಒಂದು ಭಾನುವಾರ ಓಡಿಸಿದೆ. ಬರ್ಮಿಂಗ್‌ಹ್ಯಾಮ್‌ನ ಸ್ಮಾಲ್ ಹೀತ್‌ನ ಗಾಡಿ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್ ಅದರಲ್ಲಿ ಒಂದೇ, ಹಾಗಾಗಿ ಬಾನವಿಲ್‌ನ ಹಾಗೆ ಎರಡನ್ನು ಹೊಂದಿಸುವ ರಗಳೆ ಇಲ್ಲ. ಸುಮ್ನೆ ಊರೊಳಗೆ ಸುತ್ತಲು ಒಳ್ಳೆಯದು. ದೂರದ ದಾರಿಗೆ ಅದರ ನಡುಕವೂ ನನ್ನ ಕೈಗೆ ಜಾಸ್ತಿ.

ತಳ್ಳಲು ಬಾನವಿಲ್ ಹಗುರ. ಎಣ್ಣೆ ಎರಡೂ ಸೋರಿಸುತ್ತವೆ, ಕೆಳಗೆ ರಟ್ಟು ಹಾಸಿಡಿ. ಸ್ಪ್ಯಾನರ್ ಎರಡಕ್ಕೂ ಬೇರೆ ಬೇರೆ ಅಳತೆಯ ಎರಡು ಸೆಟ್ ಬೇಕು. 40 ವರ್ಷ ದಾಟಿದ ಗಾಡಿಗಳಾದ್ದರಿಂದ ಇಲ್ಲಿ ರಸ್ತೆ ತೆರಿಗೆ ಕಟ್ಟಬೇಕಿಲ್ಲ. ನನ್ನಂಥ ಸಂಬಳದವನಿಗೆ ಅದು ಸಣ್ಣ ಮಾತಲ್ಲ.

ಬುಲೆಟ್ ಅಭ್ಯಾಸ ಇಲ್ಲದವರು ಬಾನವಿಲ್ ತೆಗೆದುಕೊಳ್ಳಿ, ಕಣ್ಣು ತುಂಬುತ್ತದೆ. 1970ರವರೆಗಿನದೇ ಇರಲಿ, 1971ರಿಂದ ಸೀಟು ಎತ್ತರ ಆಯಿತು. ಕಮಾಂಡೊ ನೋಡುವವರೂ ವರ್ಷ ನೋಡಿ. 1975ರ ಮಾರ್ಕ್ 3ರಲ್ಲಿ ಸೆಲ್ಫ್ ಸ್ಟಾರ್ಟ್ ಬಂತು, ಗೇರ್ ಎಡಗಡೆಗೆ ಹೋಯಿತು. ಸೆಲ್ಫ್ ಆಸೆಗೆ ನಾನೂ ಒಂದನ್ನು ನೋಡಿ ಬಂದೆ. ಬೇಡ ಅನಿಸಿತು. ಚಳಿಗಾಲದಲ್ಲಿ ನಾಲ್ಕು ಕಿಕ್ ಜಾಸ್ತಿ ಹೊಡೆಯುತ್ತೇನೆ, ಗೇರ್ ಬಲಗಾಲಿಗೇ ಇರಲಿ.