ಎಗ್ಜಿಬಿಷನ್ ತಿಂಡಿ: ಯಾವ ವಾರ, ಯಾವ ಹೊತ್ತು, ಯಾವ ಬಾಣಲೆ

ಮೈಸೂರಿನವರ ಬಾಯಲ್ಲಿ ಅದು ದಸರಾ ವಸ್ತುಪ್ರದರ್ಶನ ಅಲ್ಲ, ಬರೀ ಎಗ್ಜಿಬಿಷನ್. ಅಲ್ಲಿಗೆ ಹೊರಟೆವು ಅಂದರೆ ಇಲಾಖೆಗಳ ಮಳಿಗೆ ನೋಡೋಕೆ ಅಂತ ಯಾರೂ ಅಂದುಕೊಳ್ಳಲ್ಲ. ಹಪ್ಪಳ, ಬಜ್ಜಿ, ಚುರುಮುರಿ, ಜೈಂಟ್ ವೀಲ್ ಅಂತಲೇ ಅರ್ಥ. ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ ಶುರುವಾದ ಈ ಪ್ರದರ್ಶನ ಈಗ ಅರಮನೆಯ ಪೂರ್ವಕ್ಕೆ, ಜಯಮಾರ್ತಾಂಡ ದ್ವಾರದ ಎದುರಿನ ದೊಡ್ಡಕೆರೆ ಮೈದಾನದಲ್ಲಿ ಸುಮಾರು ಮೂರು ತಿಂಗಳು ನಡೆಯುತ್ತೆ. ಇಲ್ಲಿ ಹೇಳೋದು ತಿಂಡಿಯ ವಿಷಯ. ರೈಡ್‌ಗಳ ಮಾತು ಹೊಟ್ಟೆಗೆ ಸಂಬಂಧಪಟ್ಟಷ್ಟು ಮಾತ್ರ.

ತಿನ್ನೋದೇ ಉದ್ದೇಶವಾದರೆ ನವರಾತ್ರಿಯ ದಿನಗಳಲ್ಲಿ ಎಗ್ಜಿಬಿಷನ್ ಕಡೆ ತಲೆ ಹಾಕಬೇಡಿ. ಊರೆಲ್ಲ ಅಲ್ಲೇ ಇರುತ್ತೆ, ಸಂಜೆಯಾದರೆ ಹಸ್ತೆ, ಚಿತ್ತೆ ಮಳೆ ಬೇರೆ. ಮೈದಾನ ಕೆಸರಾದರೆ ತಟ್ಟೆ ಹಿಡಿದು ನಿಲ್ಲೋಕೂ ಜಾಗ ಇರಲ್ಲ. ಹಬ್ಬದ ಆ ದಿನಗಳನ್ನು ಬೇರೆ ಮೈದಾನದಲ್ಲಿ ನಡೆಯೋ ದಸರಾ ಆಹಾರ ಮೇಳಕ್ಕೆ ಇಟ್ಟುಕೊಳ್ಳಿ, ಅದು ನವರಾತ್ರಿ ಮುಗಿಯುತ್ತಲೇ ಮುಗಿಯುತ್ತೆ. ಎಗ್ಜಿಬಿಷನ್ ಎಲ್ಲಿಗೂ ಹೋಗಲ್ಲ. ನವೆಂಬರ್ ತಿಂಗಳ ಯಾವುದಾದರೂ ಶನಿವಾರ ಹೋದರೆ ಅದೇ ಹಪ್ಪಳ, ಅದೇ ಬಜ್ಜಿ, ಅರ್ಧದಷ್ಟು ಜನ. ಚಳಿ ಶುರುವಾಗಿರುತ್ತೆ, ಕರಿದದ್ದಕ್ಕೆ ಅದಕ್ಕಿಂತ ಒಳ್ಳೆ ಜೊತೆ ಇಲ್ಲ.

ಶನಿವಾರ ಅಂತ ಹೇಳೋಕೆ ಕಾರಣ ಇದೆ. ಭಾನುವಾರ ಸಂಜೆ ಏಳಕ್ಕೆ ಅರಮನೆಯ ದೀಪ ಹತ್ತುತ್ತೆ, ಮುಕ್ಕಾಲು ಗಂಟೆ ಉರಿದು ಆರುತ್ತೆ. ದೀಪ ಆರಿದ ಮರುಗಳಿಗೆ ಅಲ್ಲಿದ್ದ ಜನದಲ್ಲಿ ದೊಡ್ಡ ಪಾಲು ರಸ್ತೆ ದಾಟಿ ಎಗ್ಜಿಬಿಷನ್ ಗೇಟಿಗೆ ಬರುತ್ತೆ. ಎಂಟರಿಂದ ಒಂಬತ್ತೂವರೆವರೆಗೆ ಬಾಣಲೆಗಳಿಗೆ ಬಿಡುವೇ ಇಲ್ಲ. ಹಪ್ಪಳದವನು ಎಣ್ಣೆ ಕಾಯೋಕೆ ಕಾಯಲ್ಲ, ಬಜ್ಜಿಯವನು ಒಮ್ಮೆಗೆ ಹತ್ತು ಹಾಕೋ ಕಡೆ ಇಪ್ಪತ್ತೈದು ಹಾಕ್ತಾನೆ. ತಣ್ಣಗಿನ ಹಿಟ್ಟು ಅಷ್ಟು ಒಟ್ಟಿಗೆ ಬಿದ್ದರೆ ಎಣ್ಣೆಯ ಶಾಖ ಇಳಿಯುತ್ತೆ, ಹಿಟ್ಟು ಎಣ್ಣೆ ಕುಡಿಯುತ್ತೆ. ಅದೇ ಅಂಗಡಿ, ಅದೇ ಕೈ, ಆದರೆ ಐದು ಗಂಟೆಯ ಬಜ್ಜಿಗೂ ಎಂಟೂವರೆಯ ಬಜ್ಜಿಗೂ ಅಜಗಜಾಂತರ. ಶನಿವಾರ ನಾಲ್ಕೂವರೆಗೆ ಒಳಗೆ ಹೋಗಿ ಏಳಕ್ಕೆ ಹೊರಬೀಳೋದು ಲೆಕ್ಕ. ಭಾನುವಾರವೇ ಬೇಕು ಅಂದರೆ ತಿಂದು ಮುಗಿಸಿ ದೀಪಕ್ಕೆ ಹೋಗಿ, ದೀಪ ನೋಡಿ ತಿನ್ನೋಕೆ ಬರಬೇಡಿ.

ಅಂಗಡಿ ಆರಿಸೋವಾಗ ಬೋರ್ಡು ನೋಡಬೇಡಿ, ಬಾಣಲೆ ನೋಡಿ. ಕರಿಯೋ ಎಣ್ಣೆ ಕೆಟ್ಟಿದೆಯೋ ಇಲ್ಲವೋ ಅನ್ನೋದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ಅಳತೆ ಒಂದಿದೆ: ಟೋಟಲ್ ಪೋಲಾರ್ ಕಾಂಪೌಂಡ್, ಅಂದರೆ ಮತ್ತೆ ಮತ್ತೆ ಕಾಸಿದಾಗ ಎಣ್ಣೆಯಲ್ಲಿ ಕೂಡಿಕೊಳ್ಳೋ ಕೆಟ್ಟ ಅಂಶ, 25 ಪರ್ಸೆಂಟ್ ದಾಟಿದ ಎಣ್ಣೆ ಬಳಸೋ ಹಾಗಿಲ್ಲ. ಈ ಮಿತಿ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಗಿರಾಕಿ ಕೈಯಲ್ಲಿ ಮೀಟರ್ ಇರಲ್ಲ, ಕಣ್ಣು ಮೂಗು ಸಾಕು. ಹೊಸ ಎಣ್ಣೆಯಲ್ಲಿ ಬಜ್ಜಿ ಬಿಟ್ಟಾಗ ದೊಡ್ಡ ಗುಳ್ಳೆ ಎದ್ದು ತಕ್ಷಣ ಒಡೆಯುತ್ತೆ. ಹಳೇ ಎಣ್ಣೆಯಲ್ಲಿ ಸಣ್ಣ ಗುಳ್ಳೆಗಳ ನೊರೆ ಬಾಣಲೆಯ ಅಂಚಿಗೆ ಕಟ್ಟಿಕೊಂಡು, ಬಜ್ಜಿ ತೆಗೆದ ಮೇಲೂ ಇಳಿಯಲ್ಲ. ಜಾಲರಿ ಎತ್ತಿದಾಗ ಎಣ್ಣೆ ಹನಿಹನಿಯಾಗಿ ಬೀಳಬೇಕು, ಪಾಕದ ಹಾಗೆ ಎಳೆಯಾಗಿ ಇಳಿದರೆ ಮುಂದಿನ ಅಂಗಡಿಗೆ ನಡೆಯಿರಿ. ಬಣ್ಣ ಕಪ್ಪಾದದ್ದನ್ನು ಮಾತ್ರ ನಂಬಬೇಡಿ; ಖಾರದಪುಡಿ ಬಿದ್ದ ಹೊಸ ಎಣ್ಣೆಯೂ ಬೇಗ ಕಪ್ಪಾಗುತ್ತೆ.

ದೆಹಲಿ ಹಪ್ಪಳ ತಿನ್ನದೆ ಎಗ್ಜಿಬಿಷನ್ನಿಂದ ಬಂದವರನ್ನು ಮನೆಯವರೇ ನಂಬಲ್ಲ. ಹೆಸರು ದೆಹಲಿಯದ್ದು, ಆಸೆ ಪೂರ್ತಿ ನಮ್ಮ ಜಾತ್ರೆಗಳದ್ದು. ಊಟದ ತಟ್ಟೆಯಷ್ಟು ಅಗಲದ ಹಪ್ಪಳ ಕಾದ ಎಣ್ಣೆಗೆ ಬಿದ್ದ ಕೂಡಲೇ ಅಂಚು ಮೇಲೆದ್ದು ಬಟ್ಟಲಾಗೋಕೆ ನೋಡುತ್ತೆ. ಪಳಗಿದ ಕೈಯವನು ಎರಡು ಕಂಬಿಯಲ್ಲಿ ಅದನ್ನು ಒತ್ತಿ ಹರಡಿ, ಒಮ್ಮೆ ಮಗುಚಿ ಎತ್ತುತ್ತಾನೆ. ಎಲ್ಲ ಸೇರಿ ಹತ್ತು ಹದಿನೈದು ಸೆಕೆಂಡ್. ಎತ್ತಿದ್ದನ್ನು ನೇರವಾಗಿ ನಿಲ್ಲಿಸಿ ಎಣ್ಣೆ ಬಸಿಯೋಕೆ ಅರ್ಧ ನಿಮಿಷ ಬಿಡಬೇಕು. ಜನ ಜಾಸ್ತಿಯಾದಾಗ ತಪ್ಪಿಹೋಗೋದು ಇದೇ ಅರ್ಧ ನಿಮಿಷ. ಕೈಗೆ ಬಂದ ಹಪ್ಪಳವನ್ನು ಲೈಟಿಗೆ ಹಿಡಿದು ನೋಡಿ: ನಡುವೆ ಅಲ್ಲಲ್ಲಿ ಗಾಜಿನ ಹಾಗೆ ಹೊಳೆಯೋ ಚುಕ್ಕೆ ಕಂಡರೆ ಅಲ್ಲಿ ಅರಳಿಲ್ಲ, ಹಲ್ಲಿಗೆ ಗಟ್ಟಿ. ಎಣ್ಣೆ ಸಾಕಷ್ಟು ಕಾದಿಲ್ಲ, ಇಲ್ಲ ಹಪ್ಪಳವೇ ತೇವ ಹಿಡಿದಿದೆ. ಮಳೆ ಬಂದ ಸಂಜೆ ಎರಡನೆಯದೇ ಹೆಚ್ಚು. ಹಪ್ಪಳದ ಕಟ್ಟನ್ನು ಬಿಚ್ಚಿ ಗಾಳಿಗೆ ಇಟ್ಟಿರೋ ಅಂಗಡಿಗಿಂತ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು ಒಂದೊಂದೇ ಎಳೆಯೋ ಅಂಗಡಿ ವಾಸಿ.

ಇನ್ನು ಖಾರ. ಕೆಲವರು ಖಾರದಪುಡಿ, ಉಪ್ಪು, ಮಸಾಲೆ ಉದುರಿಸ್ತಾರೆ. ಕೆಲವರು ಅದನ್ನೇ ಎಣ್ಣೆಯಲ್ಲಿ ಕಲಸಿಟ್ಟುಕೊಂಡು ಸವರ್ತಾರೆ. ಸವರಿದ್ದು ನೋಡೋಕೆ ಚೆಂದ, ಫೋಟೋಗೆ ಇನ್ನೂ ಚೆಂದ, ಆದರೆ ಬಸಿದ ಎಣ್ಣೆಯನ್ನೆಲ್ಲ ಮತ್ತೆ ಹಚ್ಚಿಸಿಕೊಂಡ ಹಾಗೆ. "ಎಣ್ಣೆ ಖಾರ ಬೇಡ, ಪುಡಿ ಉದುರಿಸಿ" ಅಂದರೆ ಸಾಮಾನ್ಯವಾಗಿ ಕೊಡ್ತಾರೆ. ಬ್ಯಾಡಗಿ ಪುಡಿಯ ಕೆಂಪು ಇಟ್ಟಿಗೆ ಬಣ್ಣದ ಕಡೆಗಿರುತ್ತೆ. ಬೆರಳಿಗೆ ಗುಲಾಬಿ ಬಣ್ಣ ಹತ್ತಿದರೆ ಅದು ಮೆಣಸಿನಕಾಯಿಯದ್ದಲ್ಲ. ಇಬ್ಬರು ಮೂವರಿಗೆ ಒಂದು ಹಪ್ಪಳ ಸಾಕು. ಐದು ನಿಮಿಷದಲ್ಲಿ ಮುಗಿಸಿ, ಆಮೇಲೆ ಅದು ಚರ್ಮ.

ಮೆಣಸಿನಕಾಯಿ ಬಜ್ಜಿಯ ಗುಟ್ಟು ಸೋಡಾದಲ್ಲಿದೆ. ನಾಲ್ಕು ಪಾಲು ಕಡಲೆಹಿಟ್ಟಿಗೆ ಒಂದು ಪಾಲಿನವರೆಗೆ ಅಕ್ಕಿಹಿಟ್ಟು, ಓಂಕಾಳು, ಉಪ್ಪು, ಸೋಡಾ ಒಂದು ಚಿಟಿಕೆ, ಇಷ್ಟಕ್ಕೆ ಗರಿ ಬರುತ್ತೆ. ದೊಡ್ಡದಾಗಿ ಕಾಣಲಿ ಅಂತ ಸೋಡಾ ಸುರಿದರೆ ಬಜ್ಜಿ ಊದುತ್ತೆ, ಒಳಗೆ ಟೊಳ್ಳು, ಆ ಟೊಳ್ಳಿನ ತುಂಬ ಎಣ್ಣೆ. ಅರ್ಧ ಬೇಯಿಸಿ ರಾಶಿ ಹಾಕಿ, ಕೇಳಿದಾಗ ಮತ್ತೆ ಎಣ್ಣೆಗೆ ಬಿಡೋದು ಎಲ್ಲ ಕಡೆ ಇರೋದೇ. ಅದರಲ್ಲಿ ತಪ್ಪಿಲ್ಲ, ಎರಡನೇ ಸಲ ಬಿಟ್ಟಾಗ ಗರಿ ಹೆಚ್ಚೇ ಆಗುತ್ತೆ. ತಪ್ಪಾಗೋದು ಮಧ್ಯಾಹ್ನದ ರಾಶಿ ಸಂಜೆಗೂ ಉಳಿದಾಗ. ಮುರಿದು ನೋಡಿ: ಒಳಗಿನ ಮೆಣಸಿನಕಾಯಿ ಇನ್ನೂ ಹಸಿರಾಗಿ, ರಸವಿದ್ದರೆ ಈಗಿನದ್ದು, ಬೂದಿ ಬಣ್ಣಕ್ಕೆ ತಿರುಗಿ ಮುದುಡಿದ್ದರೆ ಹಳೇದು. ಸೀಳಿ ಈರುಳ್ಳಿ, ಕ್ಯಾರೆಟ್ ತುರಿ, ಕೊತ್ತಂಬರಿ, ನಿಂಬೆರಸ ತುಂಬಿದ ಮಸಾಲೆ ಬಜ್ಜಿ ಸಿಕ್ಕರೆ ಅದನ್ನೇ ತಗೊಳ್ಳಿ. ಸೀಳಿದ ಮೇಲೆ ಹಳೇದನ್ನು ಮುಚ್ಚಿಡೋಕೆ ಆಗಲ್ಲ, ಗಿರಾಕಿಗೆ ಅದೂ ಒಂದು ಲಾಭ.

ಮದ್ದೂರು ವಡೆ ಅಂತ ಬರೆದುಕೊಂಡ ಮಳಿಗೆಗಳೂ ಇರುತ್ತವೆ. ಮಂಡ್ಯದ ಕಡೆಯವರು ಅಲ್ಲಿ ನಿಲ್ಲೋದೇ ಬೇಡ. ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಹಾಕಿ ತೆಳ್ಳಗೆ ತಟ್ಟಿ ಸಣ್ಣ ಉರಿಯಲ್ಲಿ ಕರಿದರೆ ಮಾತ್ರ ಅದು ಚಟ್ ಅಂತ ಮುರಿಯುತ್ತೆ. ಸಣ್ಣ ಉರಿಯಲ್ಲಿ ಕಾಯೋ ವ್ಯವಧಾನ ಎಗ್ಜಿಬಿಷನ್ ಬಾಣಲೆಗಿಲ್ಲ. ಹೊರಗೆ ಕೆಂಪಗೆ, ನಡುವೆ ಮೆತ್ತಗೆ ಇರೋ ದಪ್ಪ ವಡೆಯೇ ಸಿಗುತ್ತೆ.

ಇಲ್ಲಿ ಕರಿಯೋ ಎಣ್ಣೆಯ ಗೋಜಿಲ್ಲದೆ ನಿಜಕ್ಕೂ ಚೆನ್ನಾಗಿರೋದು ಚುರುಮುರಿ. ಕಡ್ಲೆಪುರಿ, ತುರಿದ ಕ್ಯಾರೆಟ್, ಈರುಳ್ಳಿ, ಟೊಮೊಟೊ, ಕೊತ್ತಂಬರಿ, ಹಸಿಮೆಣಸಿನಕಾಯಿ ಖಾರ, ಕಡಲೆಬೀಜ, ಒಂದು ಚಮಚ ಕೊಬ್ಬರಿ ಎಣ್ಣೆ, ನಿಂಬೆ. ಕೊಬ್ಬರಿ ಎಣ್ಣೆ ಬಿಟ್ಟರೆ ಅದು ಚುರುಮುರಿ ಅಲ್ಲ, ಬೇರೆ ಊರಿನ ಇನ್ನೇನೋ. ಕಲಸೋ ಕ್ರಮ ಗಮನಿಸಿ. ಒಳ್ಳೆಯವನು ಮೊದಲು ಖಾರ, ಉಪ್ಪು, ಎಣ್ಣೆ, ತರಕಾರಿ ಕಲಸಿಕೊಂಡು ಕಡೆಗೆ ಪುರಿ ಹಾಕಿ, ನಾಲ್ಕು ಸುತ್ತು ತಿರುಗಿಸಿ, ಮೇಲೆ ನಿಂಬೆ ಹಿಂಡಿ ಪೊಟ್ಟಣಕ್ಕೆ ಸುರಿಯುತ್ತಾನೆ. ಪುರಿ ಮೊದಲೇ ಬಿದ್ದು ಅದರ ಮೇಲೆ ಟೊಮೊಟೊ ನೀರು ಇಳಿದರೆ ಮೂರು ನಿಮಿಷಕ್ಕೆ ಮುದ್ದೆ. ನಿಪ್ಪಟ್ಟು ಪುಡಿ ಮಾಡಿ ಹಾಕಿಸಿಕೊಂಡರೆ ಇನ್ನೆರಡು ನಿಮಿಷ ಗರಿ ಉಳಿಯುತ್ತೆ. "ಖಾರ ಮೀಡಿಯಂ" ಅಂದರೆ ಮೈಸೂರಿನ ಮೀಡಿಯಂ. ಮಕ್ಕಳಿಗೆ ಖಾರ ಬೇಡವೇ ಬೇಡ ಅನ್ನಿ. ಆದರೆ ಎಲ್ಲವೂ ಹಸಿ, ಬೆಂಕಿ ಕಂಡದ್ದು ಪುರಿ, ಕಡಲೆಬೀಜ ಎರಡೇ. ತರಕಾರಿ ಮುಚ್ಚಿಟ್ಟಿಲ್ಲದ, ಕ್ಯಾರೆಟ್ ತುರಿಯ ಮೇಲ್ಪದರ ಒಣಗಿ ಬಿಳಿಚಿಕೊಂಡ ಗಾಡಿ ಬೇಡ. ಪಾನಿಪೂರಿಯ ನೀರಿಗೆ ಇದೇ ಅನುಮಾನ ಎರಡರಷ್ಟು.

ಗೋಬಿ ಮಂಚೂರಿಯ ಕಥೆ 2024ರ ಮಾರ್ಚ್‌ನಲ್ಲಿ ಬದಲಾಯಿತು. ಗೋಬಿಗೆ ಕೃತಕ ಬಣ್ಣ ಬಳಸೋದನ್ನೂ ಬಣ್ಣದ ಬೊಂಬಾಯಿ ಮಿಠಾಯಿಯನ್ನೂ ರಾಜ್ಯ ಸರ್ಕಾರ ನಿಷೇಧಿಸಿತು. ಮಿಠಾಯಿಯ ಆ ಗುಲಾಬಿಯ ಹಿಂದೆ ಇದ್ದದ್ದು ರೊಡಮೈನ್-ಬಿ, ಬಟ್ಟೆಗೆ ಹಾಕೋ ಬಣ್ಣ. ಅದೇ ವರ್ಷ ಜೂನ್‌ನಲ್ಲಿ ಕಬಾಬಿನ ಬಣ್ಣಕ್ಕೂ ನಿಷೇಧ ಬಂತು. ಹಾಗಾಗಿ ಈಗ ಕಂದು ಬಣ್ಣದ, ಮಂಕಾಗಿ ಕಾಣೋ ಗೋಬಿಯೇ ಸರಿಯಾದ ಗೋಬಿ. ಟ್ಯೂಬ್‌ಲೈಟ್ ಕೆಳಗೂ ಕೆಂಪಗೆ ಹೊಳೆಯುತ್ತಿದ್ದರೆ ಸುಮ್ಮನೆ ಮುಂದೆ ಹೋಗಿ. ಮಿಠಾಯಿ ಬಿಳಿಯದ್ದನ್ನೇ ಕೇಳಿ, ಮಗು ಅತ್ತರೂ ಸರಿ.

ಕುಡಿಯೋದಕ್ಕೆ ಕಬ್ಬಿನ ಹಾಲು ಆದೀತು, ಐಸ್ ಇಲ್ಲದೆ. ಕಬ್ಬು ಗಾಣದ ಪಕ್ಕದಲ್ಲಿ ನೆರಳಲ್ಲಿದೆಯೋ, ಸಿಪ್ಪೆ ಹೆರೆದಿದೆಯೋ, ತುದಿ ಕೆಂಪಾಗಿದೆಯೋ ನೋಡಿ. ಕತ್ತರಿಸಿದ ತುದಿ ಕೆಂಪಾದ ಕಬ್ಬು ಹುಳಿ ಹಿಡಿಯೋಕೆ ಶುರುವಾಗಿರುತ್ತೆ. ನೀರು ಮನೆಯಿಂದಲೇ ಒಯ್ಯಿರಿ, ಆಳಿಗೆ ಒಂದು ಲೀಟರ್. ಮೆಣಸಿನಕಾಯಿ ಬಜ್ಜಿ ಆದಮೇಲೆ ಅದೂ ಕಡಿಮೆಯೇ.

ರೈಡ್‌ಗಳಿಗೆ ಗೇಟ್ ಟಿಕೆಟ್ ಸಾಲದು, ಒಂದೊಂದಕ್ಕೂ ಬೇರೆ ಟಿಕೆಟ್. ಹಡಗಿನ ಹಾಗೆ ತೂಗೋ ಕೊಲಂಬಸ್, ಗಿರಗಿರ ತಿರುಗಿಸೋ ಬ್ರೇಕ್ ಡ್ಯಾನ್ಸ್ ಎರಡನ್ನೂ ತಿನ್ನೋ ಮುಂಚೆ ಮುಗಿಸಿಬಿಡಿ. ಎಣ್ಣೆ ಪದಾರ್ಥ ಹೊಟ್ಟೆಯಿಂದ ನಿಧಾನಕ್ಕೆ ಇಳಿಯುತ್ತೆ. ಬಜ್ಜಿ ತಿಂದು ಕಾಲು ಗಂಟೆಗೆ ಕೊಲಂಬಸ್ ಹತ್ತಿದವರು ಇಳಿಯೋವಾಗ ಬಾಯಿಗೆ ಕರ್ಚೀಫ್ ಒತ್ತಿಕೊಂಡಿರುತ್ತಾರೆ. ತಿಂದಮೇಲೆ ಏನಾದರೂ ಬೇಕೇ ಬೇಕು ಅಂದರೆ ಒಂದು ಗಂಟೆ ಬಿಟ್ಟು ಜೈಂಟ್ ವೀಲ್. ನಿಧಾನಕ್ಕೆ ಸುತ್ತುತ್ತೆ, ಮೇಲೆ ಹೋದಾಗ ಒಂದು ಕಡೆ ಅರಮನೆ, ಇನ್ನೊಂದು ಕಡೆ ಚಾಮುಂಡಿ ಬೆಟ್ಟದ ದೀಪ. ರೈಡ್‌ಗಾಗಿಯೇ ಹೊರಟವರು ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಪಾರ್ಕಿಗೆ ಒಂದು ಇಡೀ ದಿನ ಇಟ್ಟುಕೊಳ್ಳೋದು ಒಳ್ಳೇದು, ಎರಡನ್ನೂ ಒಂದೇ ಸಂಜೆಗೆ ತುರುಕಬೇಡಿ.

ನವರಾತ್ರಿಗೆ ಎತ್ತಿಟ್ಟ ಆಹಾರ ಮೇಳದ ಮಾತಿಗೆ ಬಂದರೆ, ಜಾಗ ವರ್ಷ ವರ್ಷ ಬದಲಾಗುತ್ತೆ. ಸ್ಕೌಟ್ಸ್ ಅಂಡ್ ಗೈಡ್ಸ್ ಮೈದಾನ, ಮಹಾರಾಜ ಕಾಲೇಜು ಮೈದಾನ ಎರಡರಲ್ಲೂ ನಡೆದಿದೆ. ಹೊರಡೋ ಮುಂಚೆ ಆ ವರ್ಷದ ಪ್ರಕಟಣೆ ನೋಡಿಕೊಳ್ಳಿ. ಎಲ್ಲ ಕಡೆ ಸಿಗೋ ದೋಸೆ, ನೂಡಲ್ಸ್‌ಗೆ ಅಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಅಲ್ಲಿಗೆ ಹೋಗಬೇಕಾದ್ದು ಕಾಡಿನ ಅಡುಗೆಗೆ: ಬೊಂಬು ಬಿರಿಯಾನಿ, ನಳ್ಳಿ (ಏಡಿ) ಸಾರು, ಬಿದಿರಕ್ಕಿ ಪಾಯಸ, ಮಾಕಳಿ ಬೇರಿನ ಟೀ. ಬೊಂಬು ಬಿರಿಯಾನಿಗೆ ಹಸಿ ಬಿದಿರೇ ಆಗಬೇಕು. ಒಳಗೋಡೆಯ ತೇವವೇ ಅಕ್ಕಿಗೆ ಹಬೆ ಕೊಡೋದು, ಒಣಬಿದಿರು ಬೆಂಕಿಗೆ ಸೀಳಿಬಿಡುತ್ತೆ. ಅಕ್ಕಿ, ಕೋಳಿ, ಮಸಾಲೆ ಸೇರಿ ಮುಕ್ಕಾಲು ಕೊಳವೆ ತುಂಬಿಸಿ, ಅಕ್ಕಿ ಅರಳೋಕೆ ಜಾಗ ಬಿಟ್ಟು, ಬಾಯಿಗೆ ಎಲೆ ತುರುಕಿ ಕೆಂಡದ ಮೇಲೆ ಸುಡಬೇಕು. ಹತ್ತಿರ ಹತ್ತಿರ ಒಂದು ಗಂಟೆ ತಿರುಗಿಸ್ತಾ ಇರಬೇಕು. ತಿರುಗಿಸೋದು ತಪ್ಪಿದರೆ ಒಂದು ಮಗ್ಗುಲು ಸೀದು, ಇನ್ನೊಂದು ಮಗ್ಗುಲು ಅಕ್ಕಿ.

ಹೀಗಾಗಿ ಅಲ್ಲಿ ಸಾಲು ಮುಂದೆ ಹೋಗೋದು ಬೊಂಬಿನ ಲೆಕ್ಕದಲ್ಲಿ. ಒಂದು ಸರತಿಯ ಬೊಂಬು ಒಲೆಯಿಂದ ಇಳಿದಾಗ ಸಾಲು ಸರಸರ ಕರಗುತ್ತೆ, ಆಮೇಲೆ ಮುಕ್ಕಾಲು ಗಂಟೆ ನಿಂತಲ್ಲೇ. ಸಾಲಿನ ಕೊನೆಗೆ ಸೇರೋ ಮುಂಚೆ ಒಲೆಯ ಹತ್ತಿರ ಹೋಗಿ ನೋಡಿ. ಬೊಂಬಿನ ಹಸಿರು ಇನ್ನೂ ಉಳಿದಿದ್ದರೆ ಟೀ ಕುಡಿದು ಬನ್ನಿ. ಪೂರ್ತಿ ಕಪ್ಪಾಗಿ, ಎಲೆಯ ಸಂದಿಯಿಂದ ಹಬೆ ಬರುತ್ತಿದ್ದರೆ ಓಡಿ ಸಾಲು ಸೇರಿ. ಅನ್ನ ಸ್ವಲ್ಪ ಅಂಟಂಟಾಗಿರುತ್ತೆ, ದಮ್ ಬಿರಿಯಾನಿಯ ಉದುರು ಹುಡುಕೋರಿಗೆ ನಿರಾಸೆ. ರುಚಿ ಇರೋದು ಗೋಡೆಗೆ ಅಂಟಿದ ಪದರದಲ್ಲಿ, ಅದನ್ನು ಕೆರೆದು ಹಾಕಿ ಅಂತ ಕೇಳಿ.

ಮಧ್ಯಾಹ್ನದ ಹೊತ್ತಿಗೆ ಮುದ್ದೆ ತಿನ್ನೋ ಸ್ಪರ್ಧೆಯೇನಾದರೂ ಇದ್ದರೆ ಆ ಹೊತ್ತಲ್ಲಿ ಮಳಿಗೆಗಳ ಮುಂದೆ ಜನ ತೆಳ್ಳಗಾಗುತ್ತೆ, ಊಟಕ್ಕೆ ಅದೇ ಸಮಯ.

ದುಡ್ಡಿನ ಮಾತು: ಜನ ಸೇರಿದ ಕಡೆ ನೆಟ್‌ವರ್ಕ್ ಕೈಕೊಡುತ್ತೆ, ಯುಪಿಐ ಸುತ್ತುತ್ತಲೇ ಇರುತ್ತೆ, ಹಪ್ಪಳ ಕೈಯಲ್ಲಿ ಆರುತ್ತೆ. ಹತ್ತು, ಇಪ್ಪತ್ತು, ಐವತ್ತರ ನೋಟು ಜೇಬಿನಲ್ಲಿರಲಿ. ಬೆಲೆಯ ಬೋರ್ಡಿಲ್ಲದ ಕಡೆ ಮೊದಲೇ ಕೇಳಿ, ಪ್ಲೇಟಿಗೆ ಎಷ್ಟು ಬಜ್ಜಿ ಅನ್ನೋದನ್ನೂ ಸೇರಿಸಿ. ನಾಲ್ಕು ಜನಕ್ಕೆ ಎರಡು ಹಪ್ಪಳ, ಎರಡು ಪ್ಲೇಟ್ ಬಜ್ಜಿ, ಎರಡು ಚುರುಮುರಿ, ಒಂದು ಗೋಬಿ. ಇದಕ್ಕಿಂತ ಹೆಚ್ಚು ಕೊಂಡರೆ ಕೊನೇ ಪ್ಲೇಟು ಕಸದ ಡಬ್ಬಿಗೇ. ಸಬರ್ಬನ್ ಬಸ್ ಸ್ಟ್ಯಾಂಡಿನಿಂದ ಹತ್ತು ಹದಿನೈದು ನಿಮಿಷದ ನಡಿಗೆ, ಹಬ್ಬದ ದಿನಗಳಲ್ಲಿ ಅರಮನೆ ಸುತ್ತ ಒನ್‌ವೇ ಮಾಡಿರೋದರಿಂದ ಕಾರಿಗಿಂತ ಕಾಲೇ ಬೇಗ. ಬೆಂಡು ಬತ್ತಾಸು ಕೊಳ್ಳೋದಿದ್ದರೆ ಹೊರಗೆ ಬರೋವಾಗ ಕೊಳ್ಳಿ, ಒಂದನ್ನು ಬೆರಳಲ್ಲಿ ಒತ್ತಿ ನೋಡಿ. ಪುಡಿಯಾದರೆ ಸರಿ, ಅಂಟಿದರೆ ಮಳೆಗಾಳಿ ಕುಡಿದದ್ದು.