ಗೊಂಬೆಯ ಮುಖ ಆಮೇಲೆ, ಮೊದಲು ತಳ ನೋಡಿ

ಗೊಂಬೆ ಹಬ್ಬಕ್ಕೆಂದು ಹಳೇ ಪಿಂಗಾಣಿ ಗೊಂಬೆ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ.

ನಮ್ಮ ಮೈಸೂರಿನ ಮನೆಯಲ್ಲಿ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಒಬ್ಬ ಪಿಂಗಾಣಿ ಹುಡುಗ ಕೂರುತ್ತಿದ್ದ. ದೊಡ್ಡ ಕೊಡೆ, ಗುಂಡು ಕೆನ್ನೆ. ತಾತನ ಸ್ನೇಹಿತರು ಜರ್ಮನಿಯಿಂದ ತಂದುಕೊಟ್ಟಿದ್ದು. ಅಜ್ಜಿ ಅವನನ್ನು ‘ಕೊಡೆ ಪುಟ್ಟ’ ಅನ್ನುತ್ತಿದ್ದರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ನನ್ನ ಕೈಜಾರಿ ಬಿದ್ದು ಒಡೆದುಹೋದ. ಅಜ್ಜಿ ಬೈಯಲಿಲ್ಲ. ಚೂರುಗಳನ್ನು ಸೆರಗಿಗೆ ಹಾಕಿಕೊಂಡು ಒಳಗೆ ಹೋದರು.

ಹೋದ ವರ್ಷ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಅದೇ ಹುಡುಗ ಕಂಡ. ಎದೆ ಝಲ್ ಅಂತು. ಅಂಗಡಿಯವರು, “ಒರಿಜಿನಲ್ ಹಮ್ಮೆಲ್ ಸಾರ್, ಜರ್ಮನಿ ಮಾಲು” ಅಂದರು. ಹಮ್ಮೆಲ್ ಅನ್ನುವುದು ಈ ಬಗೆಯ ಜರ್ಮನ್ ಪಿಂಗಾಣಿ ಗೊಂಬೆಗಳ ಹೆಸರು. ತಳದಲ್ಲಿ ‘ಜರ್ಮನಿ’ ಅಂತ ಚಿನ್ನದ ಬಣ್ಣದ ಸ್ಟಿಕ್ಕರ್ ಇತ್ತು. ಫೋನಿನಲ್ಲಿ ಇದೇ ಗೊಂಬೆಗೆ 40,000 ರೂಪಾಯಿ ಇರುವುದನ್ನೂ ತೋರಿಸಿದರು. 14,000 ಕೊಟ್ಟು ತಂದೆ. ಬಿಲ್ ಕೇಳಲಿಲ್ಲ.

ಹಬ್ಬದ ಹಿಂದಿನ ದಿನ ಒದ್ದೆ ಬಟ್ಟೆಯಲ್ಲಿ ಒರೆಸುವಾಗ ಸ್ಟಿಕ್ಕರಿನ ಮೂಲೆ ಎದ್ದಿತು. ಕೆಳಗೆ ಕೆಂಪು ಬಣ್ಣದ ಸಣ್ಣ ಅಕ್ಷರಗಳು: ‘ಮೇಡ್ ಇನ್ ಜಪಾನ್’. ಕಳ್ಳನೋಟು ಪತ್ತೆಹಚ್ಚುವ ನೀಲಿ ಲೈಟನ್ನು (ಯುವಿ ಲೈಟ್) ಕತ್ತಲೆ ಕೋಣೆಯಲ್ಲಿ ಹಿಡಿದೆ. ಕತ್ತಿನ ಸುತ್ತ ಒಂದು ಪಟ್ಟಿ ಬೇರೆ ಬಣ್ಣಕ್ಕೆ ಹೊಳೆಯಿತು. ತಲೆ ಮುರಿದಿದ್ದನ್ನು ಅಂಟಿಸಿ, ಮೇಲೆ ಬಣ್ಣ ಬಳಿದಿದ್ದರು. ಹಗಲಿನಲ್ಲಿ ಅದು ಕಾಣುವುದೇ ಇಲ್ಲ. ಉಗುರಿನಿಂದ ಸವರಿದರೆ ಮಾತ್ರ ಒಂದು ಸಣ್ಣ ಏರು ಸಿಗುತ್ತದೆ.

ಆಮೇಲೆ ಕೂತು ಓದಿಕೊಂಡೆ. ಹಮ್ಮೆಲ್ ಗೊಂಬೆಗಳನ್ನು ಜರ್ಮನಿಯ ಗೋಬೆಲ್ ಕಾರ್ಖಾನೆ 1935ರಿಂದ ಮಾಡಿತು. ಮರಿಯಾ ಇನ್ನೊಸೆಂಟಿಯಾ ಹಮ್ಮೆಲ್ ಎಂಬ ಕ್ರೈಸ್ತ ಸನ್ಯಾಸಿನಿ ಬರೆದ ಮಕ್ಕಳ ಚಿತ್ರಗಳೇ ಅವಕ್ಕೆ ಮೂಲ. ಅಸಲಿಯಾದರೆ ಅವರ ಸಹಿ ಪೀಠದ ಮೇಲೆ ಕೊರೆದಂತೆ ಇರುತ್ತದೆ. ತಳದಲ್ಲಿ ಅಚ್ಚೊತ್ತಿದ ನಂಬರು ಇರುತ್ತದೆ. ಈ ಕೊಡೆ ಹುಡುಗನದು 152. ಜೊತೆಗೆ ಕಾರ್ಖಾನೆಯ ಗುರುತು, ಅದು ಕಾಲಕ್ಕೆ ತಕ್ಕಂತೆ ಬದಲಾಗಿದೆ. 1950ರ ದಶಕದವಕ್ಕೆ ವಿ ಅಕ್ಷರದೊಳಗೆ ಜೇನುನೊಣ. ಸ್ಟಿಕ್ಕರನ್ನು ಯಾರು ಬೇಕಾದರೂ ಅಂಟಿಸಬಹುದು, ಆದರೆ ಮಣ್ಣು ಹಸಿ ಇರುವಾಗ ಕೊರೆದಿದ್ದನ್ನು ಆಮೇಲೆ ಸೇರಿಸುವುದು ಸುಲಭವಲ್ಲ.

ಜಪಾನಿನದು ಅಂದರೆ ಕಸ ಅಂತ ನಾನು ಹೇಳುತ್ತಿಲ್ಲ. ‘ಆಕ್ಯುಪೈಡ್ ಜಪಾನ್’ ಅಂತ ಮುದ್ರೆ ಇರುವ ಗೊಂಬೆಗಳು ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನ್ ಪರರ ಹಿಡಿತದಲ್ಲಿದ್ದ, 1952ರ ಒಳಗಿನ ಕಾಲದವು. ಅವನ್ನೇ ಪ್ರೀತಿಯಿಂದ ಕೂಡಿಡುವವರಿದ್ದಾರೆ. ಆದರೆ ಒಂದರ ಹೆಸರು ಹೇಳಿ ಇನ್ನೊಂದನ್ನು ಮಾರುವುದು ಮೋಸ.

ಬೆಲೆಯ ವಿಷಯ ಇನ್ನೂ ಮುಖ್ಯ. ಅಂಗಡಿಯವರು ನನಗೆ ತೋರಿಸಿದ 40,000 ಯಾರೋ ಕೇಳುತ್ತಿದ್ದ ಬೆಲೆ, ಯಾರೂ ಕೊಟ್ಟ ಬೆಲೆಯಲ್ಲ. ಈಬೇ ಎಂಬ ಆನ್‌ಲೈನ್ ಮಾರಾಟದ ತಾಣದಲ್ಲಿ ಮಾರಾಟವಾಗಿ ಹೋದವನ್ನು ಬೇರೆಯಾಗಿ ನೋಡಬಹುದು, ಅದನ್ನೇ ನೋಡಿ. ಒಂದು ಕಾಲದಲ್ಲಿ ಇವನ್ನು ರಾಶಿ ರಾಶಿ ಮಾಡಿದ್ದರು. ಈಗ ಕೊಳ್ಳುವವರು ಕಡಿಮೆ, ಸಾಮಾನ್ಯ ಗೊಂಬೆಗಳ ಬೆಲೆ ಇಳಿದಿದೆ. ಬೆರಳು ಚೂರು ಮುಕ್ಕಾಗಿದ್ದರೂ ಇನ್ನಷ್ಟು ಇಳಿಯುತ್ತದೆ, ಇನ್ನು ಅಂಟಿಸಿದ ತಲೆಗೆ ಕೇಳಬೇಕಾ?

ನಾನು ವಾಪಸ್ ಹೋಗಿ ಜಗಳ ಮಾಡಿದೆ. “ನನಗೂ ಹಾಗೇ ಬಂದಿತ್ತು ಸಾರ್” ಅಂದರು. ಬಿಲ್ ಇಲ್ಲದ್ದರಿಂದ 7,000 ಮಾತ್ರ ಸಿಕ್ಕಿತು, ಗೊಂಬೆ ಅವರ ಹತ್ತಿರವೇ ಉಳಿಯಿತು. ಅದನ್ನು ಮತ್ತೆ ಮಾರಾಟಕ್ಕೆ ಇಟ್ಟಿರಬಹುದು ಅನ್ನುವುದೇ ನನ್ನ ಚಿಂತೆ. ನಿಮ್ಮ ಕೈಗೆ ಬಂದರೆ ಗುರುತು ಇದು: ಕೊಡೆಯ ಹಿಡಿ ಹತ್ತಿರ ಅಕ್ಕಿಕಾಳಿನಷ್ಟು ಮುಕ್ಕು, ಕತ್ತಿನ ಹಿಂದೆ ಉಗುರಿಗೆ ಸಿಗುವ ಏರು, ತಳದಲ್ಲಿ ಸ್ಟಿಕ್ಕರಿನ ಅಂಟು.