ಚಿಕ್ಕ ಎನ್‌ಜಿಒಗಳಿಗೆ ಆಂಟ್‌ಕಾಂಕ್, ಟ್ಯಾಗೆಟ್ ಎರಡೇ ಸಾಕು

ಹಳ್ಳಿ ಸಭೆಗಳಲ್ಲಿ ಜನ ಹೇಳಿದ್ದನ್ನೆಲ್ಲ ಟೈಪ್ ಮಾಡಿಟ್ಟುಕೊಂಡು, ವರದಿ ಬರೆಯೋ ಹೊತ್ತಿಗೆ ಎಲ್ಲಿಂದ ಶುರು ಮಾಡಬೇಕು ಅಂತ ತಲೆ ಕೆಡಿಸಿಕೊಳ್ಳುವ ಸಂಸ್ಥೆಗಳು ತುಂಬಾ ಇವೆ. ದುಬಾರಿ ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಆಂಟ್‌ಕಾಂಕ್ (AntConc), ಟ್ಯಾಗೆಟ್ (Taguette) ಅನ್ನೋ ಈ ಎರಡು ಸಾಫ್ಟ್‌ವೇರ್ ನೋಡಿ. ಎರಡೂ ಪುಕ್ಕಟೆ. ಎರಡನ್ನೂ ನಿಮ್ಮ ಕಂಪ್ಯೂಟರ್‌ನಲ್ಲೇ ಹಾಕಿಕೊಂಡು ಇಂಟರ್ನೆಟ್ ಇಲ್ಲದೆ ಬಳಸಬಹುದು.

ಆಂಟ್‌ಕಾಂಕ್ ಜಪಾನಿನ ವಸೇಡಾ ವಿಶ್ವವಿದ್ಯಾಲಯದ ಲಾರೆನ್ಸ್ ಆಂಥನಿ ಅವರು ಮಾಡಿದ್ದು. ಒಂದು ಪದ ಕೊಟ್ಟರೆ ಸಾಕು, ಅದು ಬಂದಿರುವ ಸಾಲುಗಳನ್ನೆಲ್ಲ ಒಂದರ ಕೆಳಗೊಂದು ಜೋಡಿಸಿ ತೋರಿಸುತ್ತದೆ. ನನಗೆ ಇದೇ ದೊಡ್ಡ ವಿಷಯ. ಜಾಸ್ತಿ ಬಂದ ಪದವನ್ನು ದೊಡ್ಡದಾಗಿ ತೋರಿಸುವ ಬಣ್ಣಬಣ್ಣದ ವರ್ಡ್ ಕ್ಲೌಡ್‌ನಲ್ಲಿ 'ನೀರು' ದಪ್ಪಗೆ ಕಂಡರೆ ಏನು ಗೊತ್ತಾಯ್ತು ಹೇಳಿ? ನೀರು ಬಂತು ಅಂತ ಖುಷಿಪಟ್ಟರೋ, ಬರಲಿಲ್ಲ ಅಂತ ಬೈದರೋ, ಸಾಲು ಓದಿದರೆ ತಾನೆ ತಿಳಿಯೋದು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನೀರು, ನೀರಿಗೆ, ನೀರಿಲ್ಲ, 'ನೀರ್ ಬರಲ್ಲ' ಎಲ್ಲವನ್ನೂ ಕಂಪ್ಯೂಟರ್ ಬೇರೆ ಬೇರೆ ಪದ ಅಂತಲೇ ಎಣಿಸುತ್ತದೆ. ಆಂಟ್‌ಕಾಂಕ್‌ನಲ್ಲಿ 'ನೀರ*' ಅಂತ ಹುಡುಕಿ (* ಅಂದರೆ ಮುಂದೆ ಏನು ಬಂದರೂ ಸರಿ), ಎಲ್ಲವೂ ಒಟ್ಟಿಗೆ ಬರುತ್ತವೆ. ನೀರುಳ್ಳಿಯೂ ಬರುತ್ತದೆ, ಅದನ್ನು ಕಣ್ಣಲ್ಲೇ ಬಿಟ್ಟುಬಿಡಿ! ಯಾವುದೆಲ್ಲ ಸೇರಿದರೆ ಒಂದು ಪದ ಅಂತ ಹೇಳುವ ಟೋಕನ್ ಸೆಟ್ಟಿಂಗ್‌ನಲ್ಲಿ ಲೆಟರ್ (ಅಕ್ಷರ) ಜೊತೆ ಮಾರ್ಕ್ (ಅಕ್ಷರಕ್ಕೆ ಸೇರುವ ಚಿಹ್ನೆ) ಅನ್ನೋದೂ ಆಯ್ಕೆಯಾಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಕೊಂಬು, ಗುಡಿಸು, ಒತ್ತಕ್ಷರ ಇರುವ ಕಡೆಯೆಲ್ಲ ಪದ ತುಂಡಾಗುತ್ತದೆ.

ಟ್ಯಾಗೆಟ್ ಕೆಲಸ ಬೇರೆ. ಇದು ತಾನಾಗಿ ಏನನ್ನೂ ಹುಡುಕುವುದಿಲ್ಲ, ಓದೋರು ನೀವೇ. ವರ್ಡ್ ಅಥವಾ ಪಿಡಿಎಫ್ ಫೈಲ್ ಹಾಕಿ, 'ಟೀಚರ್ ಬರ್ತಾರೆ, ಪಾಠ ಮಾಡಲ್ಲ' ಅನ್ನುವಂಥ ಮಾತಿಗೆ ಗೆರೆ ಎಳೆದು 'ಶಾಲೆ.ಪಾಠ' ಅಂತ ಟ್ಯಾಗ್, ಅಂದರೆ ವಿಷಯದ ಹೆಸರು, ಕೊಡಿ. ಆಮೇಲೆ ಆ ಟ್ಯಾಗ್‌ನ ಮಾತುಗಳನ್ನೆಲ್ಲ ಒಟ್ಟಿಗೆ ವರ್ಡ್‌ಗೋ ಎಕ್ಸೆಲ್‌ಗೋ ಇಳಿಸಿಕೊಂಡರೆ ವರದಿಯ ಅರ್ಧ ಕೆಲಸ ಮುಗಿದ ಹಾಗೆ. ಇಬ್ಬರು ಮೂವರು ಸೇರಿ ಟ್ಯಾಗ್ ಮಾಡಬೇಕಾದರೆ ಅದರ ವೆಬ್‌ಸೈಟಿನಲ್ಲೇ ಖಾತೆ ತೆರೆದು ಮಾಡಬಹುದು. ಆದರೆ ಹೆಂಗಸರು ಮನೆ ವಿಷಯ, ಆರೋಗ್ಯದ ವಿಷಯ ನಂಬಿ ಹೇಳಿರುವ ಕಡತಗಳನ್ನು ದಯವಿಟ್ಟು ಆನ್‌ಲೈನ್ ಹಾಕಬೇಡಿ. ಅವನ್ನು ಕಚೇರಿ ಕಂಪ್ಯೂಟರ್‌ನಲ್ಲೇ, ಹೆಸರು ತೆಗೆದು ಇಟ್ಟುಕೊಳ್ಳಿ.

ಸಾವಿರಗಟ್ಟಲೆ ಉತ್ತರ ಇದ್ದರೆ ಟ್ಯಾಗೆಟ್ ಕಷ್ಟ. ಒಂದೊಂದನ್ನೂ ಓದಿ ಗುರುತು ಹಾಕುತ್ತಾ ಕೂರೋಕೆ ಯಾರಿಗೆ ಪುರುಸೊತ್ತಿದೆ? ಆಗ ಮೊದಲು ಆಂಟ್‌ಕಾಂಕ್‌ನಲ್ಲಿ ಜಾಸ್ತಿ ಬಂದಿರುವ ಪದಗಳನ್ನು ನೋಡಿ, ಬೇಕಾದ ಭಾಗವನ್ನಷ್ಟೇ ಟ್ಯಾಗೆಟ್‌ಗೆ ಹಾಕಿ.

ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳು ಇವೆರಡರಲ್ಲೂ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಮೊದಲು ಎಲ್ಲ ಕಂಪ್ಯೂಟರ್‌ಗಳಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ಗೆ ಬದಲಿಸಿಕೊಳ್ಳಿ, ಆಂಟ್‌ಕಾಂಕ್‌ಗೆ ಹಾಕುವುದಾದರೆ ಯುಟಿಎಫ್-8 ಟೆಕ್ಸ್ಟ್ ಫೈಲ್ ಆಗಿ ಉಳಿಸಿ.